ನೆತ್ತಿಯ ಕೆರೆತಕ್ಕೆ ಕಾರಣ ಹುಡುಕಿದ್ದು

ಮೊನ್ನೆ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದವರೊಬ್ಬರು ಬಾಚಣಿಗೆಯಿಂದ ನೆತ್ತಿ ಕೆರೆದುಕೊಳ್ಳುತ್ತಿದ್ದರು. ಹೆಗಲ ಮೇಲೆಲ್ಲ ಹೊಟ್ಟು. ನಾನು ನೋಡಿದ್ದು ಕಂಡು, 'ನೀರಿನ ದೋಷ ಸಾರ್,' ಎಂದರು. ಇರಬಹುದು. ಆದರೆ ನೀರಿನ ಮೇಲೆ ತಪ್ಪು ಹೊರಿಸಿ ನಾನು ಒಂದು ಕಾಲಕ್ಕೆ ಪಟ್ಟ ಪಾಡನ್ನು ನಿಮಗೆ ಹೇಳಬೇಕು.

ಆಗ ನಾನು ಮಾಗಡಿಯಲ್ಲೇ ಸ್ಕೂಲ್ ಮೇಷ್ಟ್ರು. ಮದುವೆಯಾದಾಗ ಮೂವತ್ತಾರು, ಹೆಣ್ಣಿನ ಮನೆಯವರಿಗೆ ಹೇಳಿದ್ದು ಮೂವತ್ತು. ನಾಲಿಗೆ ಸಲೀಸಾಗಿ ಆರು ವರ್ಷ ಹಿಂದಕ್ಕೆ ಹೋಯಿತು, ಕೂದಲು ಮಾತ್ರ ಒಪ್ಪಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಶಿಕ್ಷಣ ಇಲಾಖೆಯ ಆಫೀಸಿನ ಕೆಲಸವೆಂದು ರಾಮನಗರಕ್ಕೆ ಹೋಗಿ, ಗುರುತಿಲ್ಲದ ಕ್ಷೌರದಂಗಡಿಯಲ್ಲಿ ಬಣ್ಣ ಹಚ್ಚಿಸಿಕೊಂಡು ಬರುತ್ತಿದ್ದೆ.

ಮೂರನೇ ಸಲದ ನಂತರ ನೆತ್ತಿ ಒಣಗಿ ಕೆರೆತ ಶುರುವಾಯಿತು. ಬಣ್ಣದ ಮೇಲೆ ನನಗೆ ಅನುಮಾನವಿತ್ತು, ಬಾಯಿ ಬಿಡುವಂತಿರಲಿಲ್ಲ. ಪಾಠದ ನಡುವೆ ಸ್ಕೇಲಿನಿಂದ ತಲೆ ಕೆರೆದುಕೊಂಡರೆ ಮಕ್ಕಳು, ಮೇಷ್ಟ್ರು ಯೋಚನೆ ಮಾಡುತ್ತಿದ್ದಾರೆಂದು ಗೌರವದಿಂದ ಕಾಯುತ್ತಿದ್ದರು.

ಹೆಂಡತಿ ಸರೋಜ ಬೈರಮಂಗಲದವಳು, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. 'ಬೋರ್‌ವೆಲ್ ನೀರು ಉಪ್ಪು ಕಣ್ರೀ, ಅದಕ್ಕೇ ಒಣಗೈತೆ,' ಎಂದು ತೆಂಗಿನ ತೋಟದ ಬಾವಿಯಿಂದ ವಾರವಿಡೀ ಸಿಹಿನೀರು ಹೊತ್ತಳು. ನಾನು ಮಿಂದು, 'ನೀರು ಚೆನ್ನಾಗಿದೆ,' ಎಂದೆ. ಕೆರೆತ ನಿಲ್ಲಲಿಲ್ಲ. 'ಬಟ್ಟೆ ಸೋಪಲ್ಲಿ ತಲೆ ತೊಳುದ್ರೆ ಇನ್ನೇನಾದದು?' ಎಂದು ಸೋಪು ಕಸಿದು ಸೀಗೆಪುಡಿ ಕೊಟ್ಟಳು. ಎಣ್ಣೆ ಸಾಲದೇನೋ ಎಂದು ಹರಳೆಣ್ಣೆ ತಿಕ್ಕಿದಳು. ನಾನು ಒರಗಿದ ಗೋಡೆಯೆಲ್ಲ ಕಲೆಯಾಯಿತು. ಕೊನೆಗೆ, 'ಸ್ಕೂಲ್ ಮಕ್ಕಳಿಂದ ಹೇನು ಹತ್ಕೊಂಡೈತೇನೋ, ಒಸಿ ಬಗ್ಗಿ,' ಎಂದಳು. ಬುಡದಲ್ಲಿ ಬಿಳಿ ಇಣುಕುತ್ತಿತ್ತು. ಮೇಷ್ಟ್ರ ತಲೆಯಲ್ಲಿ ಹೇನೇ ಎಂದು ಸಿಟ್ಟು ನಟಿಸಿ ಹೊರಗೆ ನಡೆದೆ.

ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

'ತಲೆಗೆ ಏನೇನು ಹಚ್ತೀರಿ?' ಎಂದರು ಡಾಕ್ಟರು.

'ಎಣ್ಣೆ, ಸೀಗೆಕಾಯಿ. ಅಷ್ಟೇ,' ಎಂದೆ.

ಸರೋಜ ಸೆರಗು ಸರಿಮಾಡಿಕೊಂಡು, 'ಬಣ್ಣಾನೂ ಹಚ್ತಾರೆ ಡಾಕ್ಟ್ರೇ, ತಿಂಗಳಿಗೊಂದ್ ಸಲ,' ಎಂದಳು.

'ಮೊದಲು ಅದನ್ನ ಬಿಡಿ,' ಎಂದು ಡಾಕ್ಟರು ಒಂದು ಮುಲಾಮು ಬರೆದುಕೊಟ್ಟರು.

ದಾರಿಯಲ್ಲಿ ಕೇಳಿದೆ: 'ನಿನಗೆ ಯಾವಾಗ ಗೊತ್ತಾಯ್ತು?'

'ಮೊದಲ್ನೇ ತಿಂಗಳೇ. ಆಫೀಸ್‌ಗೆ ಅಂತ ಹೋದೋರು ಕಪ್ಪಾಗಿ ಬತ್ತಿದ್ರಿ. ದಿಂಬಿನ ಕವರ್ ಒಗೆಯೋಳು ನಾನಲ್ವಾ?'

'ಮತ್ತೆ ಅಷ್ಟು ನೀರು ಯಾಕೆ ಹೊತ್ತೆ?'

'ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಹೊತ್ತೆ. ನೀವು ನೀರು ಚೆನ್ನಾಗೈತೆ ಅಂದ್ರಿ.'

ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನು ಏನನ್ನೂ ಮುಚ್ಚಿಡಬಾರದು ಎನ್ನಿಸಿ, 'ಸರೋಜ, ನನಗೆ ಮೂವತ್ತಲ್ಲ, ಮೂವತ್ತಾರು,' ಎಂದುಬಿಟ್ಟೆ.

ಅವಳು ನಡುದಾರಿಯಲ್ಲೇ ನಿಂತಳು. 'ಅದು ಗೊತ್ತಿರ್ಲಿಲ್ಲ,' ಎಂದಳು.

ಮರುದಿನ ಬೆಳಿಗ್ಗೆ ಎದ್ದರೆ ಹಾಸಿಗೆಯ ಪಕ್ಕ ಬಿಂದಿಗೆ. 'ವರ್ಸಕ್ಕೊಂದು ದಿನ. ಆರು ದಿನ ನೀವು ನೀರು ತನ್ನಿ,' ಎಂದಳು.

ದಿನವೂ ಹೋಗಿ ನೀರು ತಂದೆ. ಆರನೇ ದಿನ ತೋಟದ ಯಜಮಾನರು, 'ಏನ್ ಮೇಷ್ಟ್ರೇ, ನೀವೇ ಬಿಂದಿಗೆ ಹೊತ್ಕೊಂಡ್ ಹೊಂಟ್ರಲ್ಲ?' ಎಂದರು. 'ವಯಸ್ಸಿನ ಲೆಕ್ಕ ತೀರಿಸ್ತಾ ಇದೀನಿ,' ಎಂದೆ. ಹಿಂದೆ ಬರುತ್ತಿದ್ದ ಸರೋಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೆರೆತ ತಿಂಗಳಲ್ಲಿ ನಿಂತಿತು. ಕೂದಲು ವರ್ಷದಲ್ಲಿ ಪೂರ್ತಿ ಬೆಳ್ಳಗಾಯಿತು. ಈಗ ಬಸ್ಸಿನಲ್ಲಿ ಯಾರಾದರೂ ವಯಸ್ಸು ಕೇಳಿದರೆ ಒಂದೆರಡು ವರ್ಷ ಸೇರಿಸಿಯೇ ಹೇಳುತ್ತೇನೆ, ಸೀಟು ಬೇಗ ಸಿಗುತ್ತದೆ. ಸರೋಜ ಜೊತೆಗಿದ್ದರೆ ಮಾತ್ರ ಇದ್ದಷ್ಟೇ ಹೇಳಿ ನಿಂತಿರುತ್ತೇನೆ.