ಮೂರು ಗಂಟೆಯೊಳಗೆ

ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಸೊಸೆಯದು ಅಳತೆ ಮತ್ತು ಕತ್ತರಿ, ಅತ್ತೆಯದು ಕಾಜಾ, ಗುಂಡಿ. ಕಸುಬನ್ನು ಕಲಿಸಿದವರು ಅತ್ತೆಯೇ. ಸೊಂಟನೋವಿಗೆಂದು ನಡೆಯಲು ಹೊರಟ ಸೊಸೆ ನಲವತ್ತೊಂದನೆಯ ವಯಸ್ಸಿನಲ್ಲಿ ಓಟ ಹಿಡಿದಾಗ ಮಾತ್ರ ಅವರು ಹುಬ್ಬು ಗಂಟಿಕ್ಕಿದ್ದರು.

“ಅಟ್ಟಿಸ್ಕೊಂಡು ಬರೋರೇ ಇಲ್ದೆ ಓಡ್ತಾರೇನೇ?”

ಅಟ್ಟಿಸಿಕೊಂಡು ಬರುವುದೊಂದಿತ್ತು. ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಇಪ್ಪತ್ತೊಂದು ಕಿಲೋಮೀಟರಿನ ಓಟದಲ್ಲಿ ಮೂರು ಗಂಟೆಯೊಳಗೆ ಮುಗಿಸಲಾರದವರನ್ನು ಹಿಂದಿನಿಂದ ಬರುವ ಬಸ್ಸು ಹತ್ತಿಸಿಕೊಳ್ಳುತ್ತಿತ್ತು. ಹೋದ ವರ್ಷ ಅವಳೂ ಹತ್ತಿದ್ದಳು. ಕಿಟಕಿಯ ಪಕ್ಕ ಕುಳಿತು, ಯಾರ ಮುಖವನ್ನೂ ನೋಡದೆ ಮನೆಗೆ ಬಂದಿದ್ದಳು.

ಈ ಸಲ ಹತ್ತಿರದ ಮೈದಾನವನ್ನು ತಾನೇ ಅಳೆದಳು. ಒಂದೂವರೆ ಮೀಟರಿನ ಟೇಪು ಹಿಡಿದು ನಾನೂರು ಸಲ ಬಗ್ಗಿ ಎದ್ದು, ಒಂದು ಸುತ್ತಿಗೆ ಆರುನೂರು ಮೀಟರೆಂದು ಗುರುತು ಹಾಕಿದಳು. ಮೂವತ್ತೈದು ಸುತ್ತು ಓಡಿದಾಗಲೆಲ್ಲ ಗಡಿಯಾರ ಮೂರು ಗಂಟೆ ನಾಲ್ಕು ನಿಮಿಷ ತೋರಿಸುತ್ತಿತ್ತು. ತಿಂಗಳುಗಟ್ಟಲೆ ಬೆವರು ಸುರಿಸಿದರೂ ಆ ನಾಲ್ಕು ನಿಮಿಷ ಜಪ್ಪಯ್ಯ ಎಂದರೂ ಕದಲಲಿಲ್ಲ. ಹೆಸರು ಕೊಡುವುದು ಬೇಡವೆಂದು ಅವಳು ಅರ್ಜಿಯನ್ನು ಮಡಚಿಟ್ಟಳು.

ಆ ವಾರವೇ ಕಾವಲುಗಾರನೊಬ್ಬ ಹೊಸ ಅಂಗಿ ತೊಟ್ಟು ಬಂದು ಕೈ ಚಾಚಿದ. ಕಂಪನಿಯವರು ಬರೆದು ಕಳಿಸಿದ ಅಳತೆಗೇ ಕತ್ತರಿಸಿದ್ದರೂ ತೋಳು ಬೆರಳಗಲ ಉದ್ದವಾಗಿತ್ತು.

“ಅಮ್ಮಾ, ಇನ್ನು ಬೆಳೆಯೋ ವಯಸ್ಸಲ್ಲ ನಂದು!”

ಅತ್ತೆ ನಗಲಿಲ್ಲ. ಸೊಸೆಯ ಕೊರಳಿನಿಂದ ಟೇಪನ್ನು ತೆಗೆದು ಕಬ್ಬಿಣದ ಮೀಟರುಪಟ್ಟಿಯ ಮೇಲೆ ಹಾಸಿದರು. ಪಟ್ಟಿ ಮುಗಿದಲ್ಲಿ ಟೇಪು ತೊಂಬತ್ತೇಳನ್ನಷ್ಟೇ ತೋರಿಸುತ್ತಿತ್ತು. ವರ್ಷಗಟ್ಟಲೆ ಎಳೆದೆಳೆದು ಅದು ಹಿಗ್ಗಿಹೋಗಿತ್ತು.

“ಮೈದಾನ ಅಳೆದಿದ್ದೂ ಇದ್ರಲ್ಲೇನಾ?”

“ಹೂಂ ಅತ್ತೆ.”

“ಅಯ್ಯೋ ಪೆದ್ದಿ! ಪ್ರತಿ ಸಲಾನೂ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಬಿಟ್ಟಿ ಓಡಿದೀಯಲ್ಲೇ!”

ಸೊಸೆ ಕುರ್ಚಿಯಲ್ಲಿ ಕುಸಿದು, ಅಳು ನಗು ಎರಡನ್ನೂ ತಡೆಯಲಾರದೆ ಕುಳಿತಳು. ಅತ್ತೆ ಅರ್ಜಿಯನ್ನು ಹುಡುಕಿ ತಂದು ಮೇಜಿನ ಮೇಲಿಟ್ಟು, ಪೆನ್ನನ್ನೂ ಕೊಟ್ಟು, ಕಾಜಾ ಮಾಡಲು ಹೊರಳಿಕೊಂಡರು.

ಓಟದ ದಿನ ಕೊನೆಯ ತಿರುವಿನಲ್ಲಿ ಬಸ್ಸಿನ ಸದ್ದು ಬೆನ್ನಿಗೆ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಗೆರೆ ದಾಟಿದಾಗ ಇನ್ನೂ ಐವತ್ತು ಸೆಕೆಂಡು ಉಳಿದಿತ್ತು. ಜನರನ್ನು ಮೊಣಕೈಯಿಂದ ಸರಿಸುತ್ತ ಅತ್ತೆ ಮುಂದೆ ಬಂದರು.

“ಕೂತ್ಕೋ, ಕೂತ್ಕೋ.”

“ಕೂತ್ರೆ ಏಳೋಕಾಗಲ್ಲ ಅತ್ತೆ.”

“ಹಾಗಾದ್ರೆ ನನ್ನ ಹಿಡ್ಕೋ.”

ಎಪ್ಪತ್ತು ದಾಟಿದ ಆ ಭುಜಕ್ಕೆ ಅವಳು ತನ್ನ ಭಾರವನ್ನೆಲ್ಲ ಒಪ್ಪಿಸಿ ನಿಂತಳು.