ಅವಳು ಹೇಳಿದ ಹೆಸರು

ಬೆಳಗ್ಗೆ ಏಳು ಗಂಟೆಗೆ, ಭದ್ರಾವತಿಯ ಕಾರ್ಖಾನೆಯ ಸಿಳ್ಳು ಕೂಗುತ್ತಿರುವಾಗಲೇ, ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಳು. ಬಾಡಿಗೆ ಮೋಟಾರಿನಲ್ಲಿ ಶಿವಮೊಗ್ಗೆಗೆ ಹೊರಟೆವು. ಜೊತೆಗೆ ನಮ್ಮತ್ತೆ. ಮಾಚೇನಹಳ್ಳಿ ದಾಟುವಾಗ ನಾನು ಹಿಡಿದಿದ್ದ ಹೆಂಡತಿಯ ಕೈ ತಣ್ಣಗಾಗಿತ್ತು. ಆ ತಣುಪು ಈಗಲೂ ನನ್ನ ಅಂಗೈಯಲ್ಲಿದೆ.

ಕೋಟೆಯ ಹತ್ತಿರ ಸ್ವಂತ ಆಸ್ಪತ್ರೆ ಇಟ್ಟಿದ್ದ ಡಾಕ್ಟರು ವಿಲಾಯಿತಿಯಲ್ಲಿ ಓದಿ ಬಂದ ಬ್ರಹ್ಮಚಾರಿ. ಬಾಯಲ್ಲಿ ಸಿಗರೇಟು. "ಅಪೆಂಡಿಕ್ಸ್. ಈಗಲೇ ಕುಯ್ಯಬೇಕು" ಎಂದರು. ಹಿತ್ತಲಲ್ಲಿ ಸೇದಲೂ ನನಗೆ ಅಪ್ಪಣೆ ಕೊಡದವಳು, ಆ ಹೊಗೆಯ ನಡುವೆ, ಅಂಥ ನೋವಿನಲ್ಲೂ ಅವರಿಗೆ ಕೈ ಮುಗಿದು ನಕ್ಕಳು. ನನಗೆ ಆಗಲೇ ಹೊಟ್ಟೆಕಿಚ್ಚು ಶುರುವಾಯಿತು.

ಹೊರಗೆ ಜಗಲಿಯ ಮೇಲೆ ಕಡ್ಡಿ ಗೀರಿದೆ. ಕೈ ನಡುಗಿ ಒಂದೂ ಹತ್ತಲಿಲ್ಲ. ಒಳಗೆ ಅವರ ಕೈ ನಡುಗದಿರಲಿ ಎಂದು ಬೇಡಿಕೊಂಡೆ. ನಡುಗುವ ಕೈ ಅದಲ್ಲವೆಂದು ಗೊತ್ತಿತ್ತು; ಅದಕ್ಕೂ ಕರುಬಿದೆ.

ಆಪರೇಷನ್ ಮುಗಿದು ಬಹಳ ಹೊತ್ತಾದರೂ ಅವಳಿಗೆ ಎಚ್ಚರ ಬರಲಿಲ್ಲ. ಡಾಕ್ಟರು ನಮ್ಮನ್ನು ಒಳಗೆ ಕರೆದು, ಅವಳ ಕೆನ್ನೆ ತಟ್ಟಿ ಕೇಳಿದರು: "ಅಮ್ಮಾ, ನಿಮ್ಮ ಗಂಡನ ಹೆಸರೇನು? ಗಂಡನ ಹೆಸರು ಹೇಳಿ!" ವಿಲಾಯಿತಿಯಲ್ಲಿ ಹೀಗೇ ಕೇಳಲು ಕಲಿಸಿದ್ದರಂತೆ. ರೆಪ್ಪೆ ಅಲುಗಿತು, ತುಟಿ ಬಿಗಿಯಿತು, ಮಾತಿಲ್ಲ. ಡಾಕ್ಟರ ಮುಖ ಕಪ್ಪಿಟ್ಟಿತು.

"ಏನ್ ಮಾರಾಯ್ರೇ ನೀವು!" ಎಂದರು ಅತ್ತೆ. "ಎಚ್ಚರ ಇದ್ದಾಗ್ಲೇ ಹೇಳದೋಳು ಈಗ ಹೇಳ್ತಾಳಾ? ಗಂಡನ ಹೆಸರು ಯಾರಾದ್ರೂ ಬಾಯಲ್ಲಿ ತರ್ತಾರಾ? ಬೇರೆ ಏನಾದ್ರೂ ಕೇಳಿ."

ಡಾಕ್ಟರು ಬಾಗಿ, "ಹಾಗಾದ್ರೆ ನನ್ನ ಹೆಸರು?" ಎಂದರು.

ಕಣ್ಣು ಮುಚ್ಚಿಕೊಂಡೇ ಅವಳು ಅವರ ಪೂರ್ತಿ ಹೆಸರು ಹೇಳಿದಳು. ಬಾಗಿಲ ಬೋರ್ಡಿನಲ್ಲಿದ್ದ ಡಿಗ್ರಿಗಳ ಸಮೇತ.

ಡಾಕ್ಟರು ನಗುತ್ತಾ ಜಗಲಿಗೆ ಬಂದು ಒಂದೇ ಕಡ್ಡಿಗೆ ಸಿಗರೇಟು ಹಚ್ಚಿದರು. ನನಗೂ ಒಂದು ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ.

ಹೊಲಿಗೆ ಬಿಚ್ಚಿ ಮನೆಗೆ ಬಂದ ಮೇಲೂ ರಾತ್ರಿಯೆಲ್ಲಾ ಎದ್ದೆದ್ದು ಅವಳ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡುತ್ತಿದ್ದೆ. ಅವಳಿಗೂ ಎಚ್ಚರವಾಗುತ್ತಿತ್ತು. "ಇನ್ನೇನೂ ಆಗಲ್ಲ ಅಂತ ಡಾಕ್ಟ್ರು ಹೇಳಿಲ್ವಾ? ಮಲಗ್ರೀ" ಎನ್ನುವಳು. ಮತ್ತೆ ಡಾಕ್ಟರೇ!

ಒಂದು ಶುಕ್ರವಾರ ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ: "ಅವರ ಹೆಸರು ಅಷ್ಟು ಸಲೀಸಾಗಿ ಬಂತಲ್ಲ?"

"ಅವ್ರು ಯಾರೋ, ಹೇಳ್ದೆ. ನಿಮ್ಮದೂ ನಾಲಿಗೆ ತುದಿಗೆ ಬಂದಿತ್ತು. ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗುತ್ತಂತೆ. ಹಲ್ಲು ಕಚ್ಚಿ ಹಿಡ್ಕೊಂಡೆ. ನೀವು ನೋಡಿದ್ರೆ ಆಫೀಸಲ್ಲಿ ಸೇದೀ ಸೇದೀ ಕಮ್ಮಿ ಮಾಡ್ಕೊಂಡಾಗಿದೆ!"

ಡಾಕ್ಟರ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎನ್ನಲಾರೆ. ಆದರೆ ಆ ಶುಕ್ರವಾರ ಮಲಗಿದವರಿಗೆ, ಇಬ್ಬರಿಗೂ, ಎಚ್ಚರವಾದದ್ದು ಬೆಳಗ್ಗೆ ಏಳರ ಸಿಳ್ಳಿಗೆ.