ಅಜ್ಜಿಯ ಕಾಲಳತೆಯ ಕುಣಿ

ಬನಹಟ್ಟಿಗೆ ಬಂದ ಮೊದಲ ದಿನ ಬಾಡಿಗೆ ಮನೆಯ ಒಡತಿ ಶಾಂತವ್ವ ನನ್ನನ್ನು ಬೈದರು ಎಂದೇ ತಿಳಿದೆ. ಬಾಗಿಲಲ್ಲಿ ನಿಂತು, ಕೈ ಬೀಸಿ, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಏನು ತಪ್ಪಾಯಿತೆಂದು ಮೆಲ್ಲಗೆ ಕೇಳಿದೆ.

"ಊಟ ಆತೇನಬೇ ಅಂದ್ನಿ! ಕಿವಿ ಮಂದ ಅದಾವೇನು?"

ಗೋಡೆಯಾಚೆ ದಿನವಿಡೀ ಸದ್ದು ಮಾಡುವ ವಿದ್ಯುತ್ ಮಗ್ಗಗಳಿವೆ. ಮೈಸೂರಿನಲ್ಲಿ ನಾವು ಪಕ್ಕದ ಮನೆಗೆ ಕೇಳಬಾರದೆಂದು ದನಿ ತಗ್ಗಿಸುತ್ತೇವೆ. ಇಲ್ಲಿ ಪಕ್ಕದಲ್ಲೇ ಕೂತವರಿಗೆ ಕೇಳಲೆಂದು ಏರಿಸುತ್ತಾರೆ. ಮೊದಲ ವಾರ ಅನ್ನ ಸಾರು ಮಾಡಿಕೊಂಡು ಒಬ್ಬಳೇ ಉಂಡೆ. ಎರಡನೇ ವಾರ ಶಾಂತವ್ವ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ನಮ್ಮ ಕಡಲೆಕಾಯಿ ಚಟ್ನಿಪುಡಿ, ತಂದಿಟ್ಟರು. ರೊಟ್ಟಿ ಬಡಿಯಲು ನನಗಿನ್ನೂ ಬಾರದು; ಮುರಿದು ತಿನ್ನಲು ಬಂತು.

ಜಮಖಂಡಿ, ಮುಧೋಳ, ಬೀಳಗಿ ಕಡೆಯ ವರದಿಗಾರಿಕೆಯನ್ನು ಪತ್ರಿಕೆಯಲ್ಲಿ ನಾನೇ ಕೇಳಿ ಪಡೆದೆ. ಅಪ್ಪ ಕೂಸಾಗಿದ್ದಾಗ ಅಜ್ಜ, ಅಜ್ಜಿ ಇಲ್ಲಿಂದ ಮೈಸೂರಿಗೆ ಬಂದವರು. ಅಲ್ಲಿ ಅಜ್ಜನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ. "ನಿಮ್ಮಜ್ಜ ಬನಹಟ್ಟಿಯ ಒಳ್ಳೆ ನೇಕಾರ, ಅಜ್ಜಿ ಕಂಡಿಕೆ ಸುತ್ತಿಕೊಡ್ತಿದ್ಲು" ಎಂದು ಅಪ್ಪ ಹೇಳುತ್ತಿದ್ದರು. ಕಂಡಿಕೆ ಎಂದರೆ ಲಾಳಿಯೊಳಗಿನ ನೂಲಿನ ಸುರುಳಿ. ಹೊರಡುವ ಮುನ್ನ ನಾನು ಅದನ್ನೇ ಪತ್ರಿಕೆಯಲ್ಲಿ ಬರೆದು, ಓದುಗರೇ, ನಿಮ್ಮ ಮುಂದಿಟ್ಟಿದ್ದೆ. ಇಬ್ಬರೂ ಈಗಿಲ್ಲ. ಅಜ್ಜ ಕೂತು ನೇಯ್ದ ಜಾಗವನ್ನು ಕಣ್ಣಾರೆ ಕಾಣಬೇಕಿತ್ತು.

ಅಜ್ಜ, ಅಜ್ಜಿ ಇದ್ದ ಮನೆಯ ಗುರುತು ಹೇಳಿದವರು ಶಾಂತವ್ವನ ಅತ್ತೆ ನೀಲವ್ವ. ಎಂಬತ್ತು ದಾಟಿದವರು, ಹುಟ್ಟಿ ಬೆಳೆದದ್ದು ಅದೇ ಓಣಿಯಲ್ಲಿ. "ಲಗೂ ನಡಿ. ನಾಳಿ ಅಲ್ಲಿ ಕಾಂಕ್ರೀಟ್ ಹಾಕ್ತಾರ" ಎಂದು ಚಪ್ಪಲಿ ಮೆಟ್ಟಿದರು.

ಮನೆ ಈಗ ನೂಲಿನ ಗೋದಾಮು. ಮಾಲೀಕರು ಮೂಲೆಯ ಹಲಗೆ ಸರಿಸಿದರು. ಕೆಳಗೆ ಕುಣಿ: ಕೈಮಗ್ಗಕ್ಕೆ ಕೂತವರು ಕಾಲು ಇಳಿಬಿಟ್ಟು ತುಳಿಯಲು ತೋಡಿದ ಗುಂಡಿ. ಅಂಚಿಗೆ ಕೂತು ಕಾಲು ಬಿಟ್ಟೆ. ಪಾದಕ್ಕೂ ತಳಕ್ಕೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು.

"ಅಜ್ಜ ಇಲ್ಲೇ ಕೂರ್ತಿದ್ರಾ?" ಎಂದೆ.

ನೀಲವ್ವ ನಕ್ಕುಬಿಟ್ಟರು. "ನಿಮ್ಮಜ್ಜ? ಅಂವಾ ಇದರಾಗ ಕುಂತ್ರ ಮೊಣಕಾಲು ಗದ್ದಕ್ಕ ಬಡೀತಿದ್ವು! ಅಂವಾ ಸೀರಿ ಗಂಟು ಹೊತ್ತು ಮುಧೋಳ, ಬೀಳಗಿ ಸಂತಿ ತಿರಗಾಂವ. ನೇಯಾಕಿ ಗಂಗವ್ವ. ಕಂಡಿಕಿ ಸುತ್ತಿ ಕೊಡಾಕಿ ನಾ."

ಗಂಗವ್ವ ನನ್ನ ಅಜ್ಜಿ.

ನನ್ನ ವೃತ್ತಿಯಲ್ಲಿ ಒಬ್ಬರ ಮಾತು ಸಾಲದು. ಬೇರೆ ಯಾರಾದರೂ ಕಂಡವರಿದ್ದಾರೆಯೇ ಎಂದೆ.

"ಯಾರ ಬೇಕಬೇ? ಕುಣಿನ ಐತಲ್ಲ. ಕುಂದ್ರಾಕಿ ಕಾಲು ಅಳದ ತೋಡಿದ್ದದು."

ಅದು ಇಲ್ಲಿನ ರೂಢಿ ಎಂದು ಮಾಲೀಕರೂ ಹೇಳಿದರು. ಹೆಚ್ಚು ಆಳವಾದರೆ ಕಾಲು ಎಟುಕದು, ಕಡಿಮೆಯಾದರೆ ಮೊಣಕಾಲು ಮೇಲೇಳುತ್ತದೆ. ಉಳಿದ ನಾಲ್ಕು ಬೆರಳನ್ನು ತೋರಿಸಿದೆ. "ಅಷ್ಟು ಜಾಗಾ ತುಳಿಯೋ ಹಲಗಿಗೆ ಬೇಕ್ರಿ ಮೇಡಂ" ಎಂದರು. ಅಜ್ಜ ಬಾಗಿಲಿಗೆ ತಲೆ ಬಗ್ಗಿಸಿ ಒಳಬರುತ್ತಿದ್ದ ಆಳು. ನಾನು ಅಜ್ಜಿಯಷ್ಟೇ ಗಿಡ್ಡ.

ಕುಣಿಯ ಆಳ ಅಳೆದು ಬರೆದುಕೊಂಡೆ, ಚಿತ್ರ ತೆಗೆದೆ. ಕಾಂಕ್ರೀಟ್ ತಡೆಯಿರೆಂದು ಕೇಳಲಿಲ್ಲ. ಆ ನೆಲದ ಮೇಲೆ ಅವರೂ ವಿದ್ಯುತ್ ಮಗ್ಗ ಕೂಡಿಸಬೇಕು.

ಅಲ್ಲಿಂದಲೇ ಮೈಸೂರಿಗೆ ಫೋನ್ ಮಾಡಿದೆ. "ಅಪ್ಪಾ, ನೇಯ್ದಿದ್ದು ಅಜ್ಜಿ."

ಅಪ್ಪ ಅಂದರು: "ಅದಕ್ಕೇ ಇರ್ಬೇಕು. ಅಪ್ಪ ಗಿರಣಿಯಿಂದ ಬಟ್ಟೆ ತಂದಾಗೆಲ್ಲ ಅಮ್ಮ ಅಂಚು ಉಜ್ಜಿ ನೋಡಿ, ಸಡಿಲ ಅಂತ ಪಕ್ಕಕ್ಕಿಡೋಳು. ಏನು ಗೊತ್ತು ನಿಂಗೆ ಅಂತ ನಾವು ನಗ್ತಿದ್ವಿ." ಆಮೇಲೆ ಕೇಳಿದರು: "ಅದ್ಸರಿ, ಯಾಕೆ ಹಂಗೆ ಕೂಗ್ತಿದ್ದೀಯಾ?"

ನಾನು ಕೂಗುತ್ತಿದ್ದುದು ನನಗೇ ತಿಳಿದಿರಲಿಲ್ಲ. ದನಿ ತಗ್ಗಿಸಿದೆ. ಹಿಂದಿನಿಂದ ನೀಲವ್ವ ಗದರಿದರು: "ಏನ ಪಿಸಪಿಸ ಹಚ್ಚೀಬೇ? ಅಕೀ ಹೆಸರ ಜೋರ ಹೇಳು!"

ಹಿಂದೆ ಬರೆದದ್ದನ್ನು ಇಲ್ಲಿ ತಿದ್ದುತ್ತಿದ್ದೇನೆ. ನಮ್ಮ ಮನೆಯ ನೇಕಾರ ಅಜ್ಜನಲ್ಲ. ಅಂದು ಎರಡೂ ಊರಿಗೆ ಕೇಳುವಂತೆ ಫೋನಿನಲ್ಲಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ನೇಯ್ದವಳು ಗಂಗವ್ವ.